ಕತ್ತರಿ ನೆಟ್ಟಗೆ ಓಡದ ಅಪ್ಪ-ಅಮ್ಮಂದಿರಿಗೆ

(ಬೇಸಿಗೆ ರಜೆ ಶುರುವಾದ ವಾರ ಬೆಂಗಳೂರಿನ ಒಂದು ಬಡಾವಣೆಯ ಪೋಷಕರ ಮುಂದೆ ಆಡಿದ ಮಾತುಗಳ ಬರಹ ರೂಪ.)

ಮೊದಲು ನನ್ನ ಮಾನ ನಾನೇ ಕಳೆದುಕೊಂಡುಬಿಡುತ್ತೇನೆ. ಆಮೇಲೆ ನಿಮಗೂ ಮಾತಾಡಲು ಧೈರ್ಯ ಬರುತ್ತೆ.

ನನ್ನ ಮಗಳು ಮೂರನೇ ಕ್ಲಾಸಿನಲ್ಲಿದ್ದಾಗ ಸ್ಕೂಲಿನಲ್ಲಿ ಒಂದು ಪ್ರಾಜೆಕ್ಟ್ ಕೊಟ್ಟಿದ್ದರು. ಥರ್ಮಾಕೋಲಿನಲ್ಲಿ ಮನೆ ಕಟ್ಟಬೇಕು, ತಾರಸಿ ಮೇಲೆ ಬಿದ್ದ ಮಳೆನೀರು ಪೈಪಿನಲ್ಲಿ ಇಳಿದು ಸಂಪಿಗೆ ಹೋಗುವುದನ್ನು ತೋರಿಸಬೇಕು. ಮಗಳು ನನಗೆ ಹೇಳಿದ್ದು ರಾತ್ರಿ ಒಂಬತ್ತಕ್ಕೆ. ಕೊಡಬೇಕಾಗಿದ್ದು ಮರುದಿನ ಬೆಳಗ್ಗೆ. ಪ್ರಾಜೆಕ್ಟುಗಳ ಹಣೆಬರಹವೇ ಅಷ್ಟು ಅಲ್ವಾ? ಅಂಗಡಿ ಮುಚ್ಚಿತ್ತು. ಮನೆಯಲ್ಲಿ ಇದ್ದದ್ದು ಚಪ್ಪಲಿ ಅಂಟಿಸಲು ತಂದಿದ್ದ ಗಮ್. ಗಮ್ ಅಂದಮೇಲೆ ಗಮ್ಮೇ ತಾನೆ ಎಂದು ಗೋಡೆಯ ಅಂಚಿಗೆ ಹಚ್ಚಿದೆ. ಗೋಡೆ ಕರಗಿತು. ನೋಡನೋಡುತ್ತಾ ಕರಗಿ, ಬೆರಳು ತೂರುವಷ್ಟು ತೂತಾಯಿತು.

ನನಗೆ ಅಳುವೊಂದು ಬಾಕಿ. ಮಗಳಿಗೆ ಮಾತ್ರ ಹಬ್ಬ. "ಅಮ್ಮಾ, ಇನ್ನೊಂಚೂರು ಹಾಕು, ಕಿಟಕಿ ಆಗ್ತಿದೆ!" ಮುಂದಿನ ಅರ್ಧ ಗಂಟೆ ಅವಳ ಪ್ರಶ್ನೆಗಳದ್ದೇ ಕಾರುಬಾರು. ರಟ್ಟು ಯಾಕೆ ಕರಗಲ್ಲ? ಚಪ್ಪಲಿ ಯಾಕೆ ಕರಗಲ್ಲ? ಕರಗಿದ್ದು ಎಲ್ಲಿಗೆ ಹೋಯ್ತು? ಕೊನೆಗೆ ಒಂದು ಶೂ ಡಬ್ಬಕ್ಕೆ ಸ್ಟ್ರಾ ಸಿಕ್ಕಿಸಿ ಕೊಟ್ಟು ಕಳಿಸಿದೆ. ಅಲ್ಲಿ ಸಾಲಾಗಿ ಇಟ್ಟಿದ್ದ ಉಳಿದ ಮಾಡೆಲ್‌ಗಳನ್ನು ಆಮೇಲೆ ನೋಡಿದೆ. ಒಂದೊಂದೂ ಬಿಲ್ಡರ್ ಆಫೀಸಿನಲ್ಲಿ ಇಡುವ ಹಾಗಿತ್ತು. ಮೂರನೇ ಕ್ಲಾಸಿನ ಕೈಗಳು ಮಾಡಿದ್ದಲ್ಲ ಅನ್ನುವುದು ಎಲ್ಲರಿಗೂ ಗೊತ್ತು, ಯಾರೂ ಹೇಳುವುದಿಲ್ಲ.

ಇದರಲ್ಲಿ ತಮಾಷೆ ಏನೆಂದರೆ, ನಾನು ಟೀಚರ್. ಇಪ್ಪತ್ತಕ್ಕೂ ಹೆಚ್ಚು ವರ್ಷ ಸರ್ಕಾರಿ ಶಾಲೆಯಲ್ಲಿ ಚಿಕ್ಕ ಮಕ್ಕಳ ಜೊತೆ ಕಳೆದವಳು. ಅದರಲ್ಲಿ ಬಹುಪಾಲು ನಲಿ-ಕಲಿ, ಅಂದರೆ ಚಿಕ್ಕ ಮಕ್ಕಳು ಆಡುತ್ತಾ ಕಲಿಯುವ ಪದ್ಧತಿ. ನಿಮ್ಮಲ್ಲಿ ಕೆಲವರಾದರೂ ಹೆಸರು ಕೇಳಿರುತ್ತೀರಿ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾಗಿದ್ದು. ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿಬಂದ ಮೇಷ್ಟ್ರುಗಳು ನಮ್ಮ ಮಕ್ಕಳಿಗೆ ಒಗ್ಗುವ ಹಾಗೆ ಕಟ್ಟಿದ ಪದ್ಧತಿ. 2009-10ರ ಹೊತ್ತಿಗೆ ಇಡೀ ರಾಜ್ಯಕ್ಕೆ ಬಂತು. ಕಾರ್ಡು, ಕಲಿಕೆಯಲ್ಲಿ ಮಗು ಯಾವ ಮೆಟ್ಟಿಲಿನಲ್ಲಿದೆ ಎಂದು ತೋರಿಸುವ ಕಲಿಕಾ ಏಣಿ, ತಲೆ ಮೇಲೆ ದಾರ ಕಟ್ಟಿ ಮಕ್ಕಳು ಮಾಡಿದ್ದನ್ನೆಲ್ಲ ನೇತುಹಾಕುವ ಚಪ್ಪರ. ನನ್ನ ಚಪ್ಪರದಲ್ಲಿ ನಾನು ಕತ್ತರಿಸಿದ ಮೀನುಗಳನ್ನು ಮಕ್ಕಳು ಎಲೆ ಅಂದುಕೊಂಡಿದ್ದರು.

ಕಸದಿಂದ ಆಟಿಕೆ ಮಾಡುವ ಅರವಿಂದ್ ಗುಪ್ತಾ ಗೊತ್ತಲ್ಲ? 2018ರಲ್ಲಿ ಪದ್ಮಶ್ರೀ ಬಂತು. ಬೆಂಕಿಕಡ್ಡಿ, ಸೈಕಲ್ ವಾಲ್ವ್ ಟ್ಯೂಬು, ಇಷ್ಟರಲ್ಲೇ ಅವರು ತ್ರಿಕೋನ, ಚೌಕ, ಮನೆ ಎಲ್ಲ ಮಾಡಿ ತೋರಿಸುತ್ತಾರೆ. ನನ್ನ ಕೈಯಲ್ಲಿ ಅದೂ ಸೊಟ್ಟಗಾಗುತ್ತೆ. ಹಾಗಾಗಿ ಇವತ್ತು ನಾನು ಏನನ್ನೂ ಮಾಡಲು ಹೇಳಿಕೊಡುವುದಿಲ್ಲ. ಗಮ್ ಬೇಡ, ಗ್ಲಿಟರ್ ಬೇಡ, ಆನ್‌ಲೈನಿನಲ್ಲಿ ಕಿಟ್ ತರಿಸುವುದೂ ಬೇಡ. ನೀವು ಹೇಗೂ ಮಾಡುವ ಕೆಲಸಕ್ಕೆ ಮಗುವನ್ನು ಸೇರಿಸಿಕೊಳ್ಳಿ. ಉತ್ತರ ಹೇಳುವುದನ್ನು ಸ್ವಲ್ಪ ತಡಮಾಡಿ. ನನಗೆ ಗೊತ್ತಿರುವುದು ಇಷ್ಟೇ. ಉಳಿದದ್ದೆಲ್ಲ ಉದಾಹರಣೆ.

ಅಡುಗೆಮನೆಯಿಂದ ಶುರುಮಾಡೋಣ. ಅನ್ನಕ್ಕೆ ಅಕ್ಕಿ ಅಳೆಯುತ್ತೀರಿ. ಆ ಲೋಟ ಮಗುವಿನ ಕೈಗೆ ಕೊಡಿ. ಕೊಟ್ಟು, "ಈ ಲೋಟ ತುಂಬೋಕೆ ಎಷ್ಟು ಚಮಚ ಅಕ್ಕಿ ಬೇಕು? ಮೊದಲು ಅಂದಾಜು ಹೇಳು" ಅನ್ನಿ. ಅಂದಾಜು ಹೇಳಿಸುವುದು ಮುಖ್ಯ. ಸುಮ್ನೆ ಎಣಿಸು ಅಂದರೆ ಅದು ಹೋಮ್‌ವರ್ಕ್. ಅಂದಾಜು ಹೇಳಿ ಎಣಿಸಿದರೆ ಅದು ಪಂದ್ಯ. ಮೊದಲ ದಿನ "ನೂರು" ಅನ್ನುತ್ತೆ, ಇಲ್ಲಾ "ಐದು" ಅನ್ನುತ್ತೆ. ವಾರ ಕಳೆಯುವಷ್ಟರಲ್ಲಿ ಹತ್ತಿರ ಹತ್ತಿರ ಬರುತ್ತೆ. ನಮ್ಮಜ್ಜಿ ಹತ್ತಿರ ಹಿತ್ತಾಳೆಯ ಪಾವು, ಚಟಾಕು ಇದ್ದವು. ನಾಲ್ಕು ಚಟಾಕಿಗೆ ಒಂದು ಪಾವು, ನಾಲ್ಕು ಪಾವಿಗೆ ಒಂದು ಸೇರು. ಕಾಲು, ಅರ್ಧ, ಮುಕ್ಕಾಲು ಅನ್ನುವ ಲೆಕ್ಕ ನನಗೆ ಪುಸ್ತಕದಲ್ಲಿ ಬರುವ ಮೊದಲೇ ಆ ಪಾವಿನಲ್ಲಿ ಬಂದಿತ್ತು. ನಿಮ್ಮ ಮನೆಯ ಅಟ್ಟದ ಮೇಲೂ ಒಂದು ಇರಬಹುದು, ಹುಡುಕಿ ನೋಡಿ.

ಐದಾರು ವರ್ಷದ ಮಗು ಇದ್ದರೆ ಇನ್ನೊಂದು ಮಾಡಿ. ಒಂದೇ ಥರದ ಎರಡು ಲೋಟದಲ್ಲಿ ಸಮಸಮ ನೀರು ಹಾಕಿ. ಎರಡೂ ಒಂದೇ ಎಂದು ಮಗು ಒಪ್ಪಲಿ. ಆಮೇಲೆ ಅದರ ಎದುರಿಗೇ ಒಂದು ಲೋಟದ ನೀರನ್ನು ಅಗಲವಾದ ಬಟ್ಟಲಿಗೆ ಸುರಿದು, "ಈಗ ಯಾವುದರಲ್ಲಿ ಜಾಸ್ತಿ ಇದೆ?" ಅಂತ ಕೇಳಿ. "ಲೋಟದಲ್ಲಿ" ಅನ್ನುತ್ತೆ, ಧೈರ್ಯವಾಗಿ. ಸ್ವಿಟ್ಜರ್ಲೆಂಡಿನ ಪಿಯಾಜೆ ಎಂಬ ಮನಃಶಾಸ್ತ್ರಜ್ಞ ಇದನ್ನೇ ಮಕ್ಕಳಿಗೆ ಕೇಳಿ ಕೇಳಿ ಪ್ರಸಿದ್ಧನಾದ. ಸುಮಾರು ಏಳು ವರ್ಷದವರೆಗೆ ಬಹಳಷ್ಟು ಮಕ್ಕಳು ಎತ್ತರ ನೋಡಿಯೇ ತೀರ್ಪು ಕೊಡುತ್ತಾರೆ. ದಯವಿಟ್ಟು ತಿದ್ದಲು ಹೋಗಬೇಡಿ. ನೀವು ಹೇಳಿಕೊಟ್ಟರೆ ಉತ್ತರ ಕಲಿಯುತ್ತೆ, ಆದರೆ ನಂಬುವುದಿಲ್ಲ. ನೀರನ್ನು ವಾಪಸ್ ಸುರಿಯಲು ಬಿಡಿ, ಸಾಕು. ಒಂದು ದಿನ ಅದೇ, "ಇದೇನಮ್ಮ ಇಷ್ಟು ದಡ್ಡ ಪ್ರಶ್ನೆ ಕೇಳ್ತೀಯ" ಅನ್ನುತ್ತೆ.

ಕಾಳು ಬೇರೆ ಮಾಡಿಸುವುದೂ ಒಳ್ಳೆಯದೇ. ಹೆಸರುಕಾಳು, ಕಡಲೆ, ಅಲಸಂದೆ ಬೆರೆಸಿ ಕೊಟ್ಟರೆ ಬೆರಳುಗಳಿಗೆ ಚೆನ್ನಾಗಿ ಕೆಲಸ, ಪೆನ್ಸಿಲ್ ಹಿಡಿಯಲು ಅದೇ ತಯಾರಿ. ಚಳಿಗಾಲದಲ್ಲಾದರೆ ಅವರೆಕಾಳು ಹಿತುಕಲು ಕೂರಿಸಿ. ಆದರೆ ಮೂರು ವರ್ಷದ ಒಳಗಿನ ಮಕ್ಕಳಿಗೆ ಕಾಳು ಬೇಡವೇ ಬೇಡ. ದೊಡ್ಡವರ ಮುಂದೆ ಹರಡಿದಾಗಲೂ ಎದ್ದು ಹೋಗಬೇಡಿ. ನನ್ನ ಕ್ಲಾಸಿನಲ್ಲೇ ಒಬ್ಬ ಹುಡುಗ ಹೆಸರುಕಾಳನ್ನು ಮೂಗಿಗೆ ಏರಿಸಿಕೊಂಡಿದ್ದ. ಯಾಕೋ ಅಂದರೆ, "ಹಿಡಿಸುತ್ತಾ ಅಂತ ನೋಡ್ದೆ ಮಿಸ್" ಅಂದ. ಅಂದಾಜು ಹೇಳಿಸುವ ಅಭ್ಯಾಸ ಮಾಡಿಸಿದ್ದು ನಾನೇ, ಯಾರನ್ನು ಬೈಯಲಿ?

ಈಗ ಅಕ್ಷರಕ್ಕೆ ಬರುತ್ತೇನೆ. ಇದರಲ್ಲಿ ನನಗೆ ಸ್ವಲ್ಪ ಜಾಸ್ತಿ ಹೇಳುವುದಿದೆ.

ನಾವೆಲ್ಲ ಅ ಆ ಇ ಈ ಎಂದು ಕಲಿತವರು. 49 ಅಕ್ಷರ ಸಾಲಾಗಿ ಬಂದಮೇಲೆ ಕಾಗುಣಿತ, ಅದಾದಮೇಲೆ ಒತ್ತು, ಅದಾದಮೇಲೆ ಪದ. ಅಷ್ಟರಲ್ಲಿ ಮಗುವಿಗೆ ಸಾಕುಸಾಕಾಗಿರುತ್ತೆ. ನಲಿ-ಕಲಿಯಲ್ಲಿ ಹಾಗಲ್ಲ. ಮೊದಲು ಬರುವುದು ರ, ಗ, ಸ, ದ, ಅ. ಯಾಕೆ ಗೊತ್ತಾ? ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ನೋಡಿ. ರ ಬರೆಯಲು ಬಂದ ಕೈಗೆ ಗ, ಸ, ದ ಕಷ್ಟವಲ್ಲ. ತಿರುವು ಎಲ್ಲ ಒಂದೇ ಕುಟುಂಬದ್ದು. ಇನ್ನೊಂದು ಗುಟ್ಟು, ಈ ಐದೇ ಅಕ್ಷರದಲ್ಲಿ ಪದಗಳು ಹುಟ್ಟುತ್ತವೆ. ಸರ, ರಸ, ದರ, ಅರಸ, ಅಗಸ, ಗರಗಸ, ದಸರ. ಒಂದು ಗುಣಿತವಿಲ್ಲ, ಒಂದು ಒತ್ತಿಲ್ಲ. ಎರಡನೇ ವಾರಕ್ಕೇ ಮಗು ಪದ ಓದಿಬಿಡುತ್ತೆ. "ಗರಗಸ" ಎಂದು ಮೊದಲ ಸಲ ಕೂಡಿಸಿಕೊಂಡು ಓದಿದ ಮಗುವಿನ ಮುಖ ನೋಡಬೇಕು ನೀವು. ಮೊದಲು ಗ... ರ... ಗ... ಸ... ಆಮೇಲೆ ಒಂದು ಕ್ಷಣ ಸದ್ದಿಲ್ಲ. ಆಮೇಲೆ ಇಡೀ ಕ್ಲಾಸಿಗೆ ಕೇಳುವ ಹಾಗೆ "ಗರಗಸ!" ಅವರಪ್ಪ ಬಡಗಿಯಾಗಿದ್ದರೆ ಮುಗಿಯಿತು, ಸಂಜೆಯವರೆಗೂ ಅದೇ ಮಾತು.

ಮನೆಯಲ್ಲಿ ಇದಕ್ಕೆ ಕಾರ್ಡು ಕತ್ತರಿಸಬೇಕಾಗಿಲ್ಲ. ನೆಲದ ಮೇಲೆ ಕುಂಟೆಬಿಲ್ಲೆ ಮನೆ ಬರೆದು ಒಂದೊಂದರಲ್ಲಿ ಒಂದೊಂದು ಅಕ್ಷರ ಹಾಕಿ. ನೀವು "ಸರ" ಅನ್ನಿ, ಮಗು ಸ-ಗೆ ಹಾರಿ ರ-ಗೆ ಹಾರಲಿ. ಆಮೇಲೆ ಅದು ಪದ ಹೇಳಲಿ, ನೀವು ಹಾರಿ. ಮಂಡಿನೋವು ಇದ್ದವರು ಹಳೆಯ ಪೇಪರಿನಲ್ಲಿ ರ ಹುಡುಕಿ ಸುತ್ತು ಹಾಕುವ ಆಟ ಆಡಿಸಿ.

ಸ್ವಲ್ಪ ದೊಡ್ಡ ಮಕ್ಕಳಿಗೆ ಅಂಗಡಿ ಚೀಟಿ ಬರೆಯುವ ಕೆಲಸ ಕೊಡಿ. ನೀವು ಹೇಳುತ್ತಾ ಹೋಗಿ, ಅದು ಬರೆಯಲಿ. ತಪ್ಪು ಬರೆಯುತ್ತೆ. ತಿದ್ದಬೇಡಿ, ಹಾಗೇ ಅಂಗಡಿಗೆ ಕಳಿಸಿ. ನನ್ನ ಮಗಳು ಎರಡನೇ ಕ್ಲಾಸಿನಲ್ಲಿದ್ದಾಗ ಚೀಟಿಯಲ್ಲಿ "ಸೊಪು" ಎಂದು ಬರೆದಿದ್ದಳು. ಬೇಕಾಗಿದ್ದು ಒಂದು ಕಟ್ಟು ಸೊಪ್ಪು. ಅಂಗಡಿಯವರು ಓದಿಕೊಂಡು ಕೊಟ್ಟದ್ದು ಸೋಪು. ಮೈಗೆ ಹಚ್ಚುವ ಸೋಪು! ಅವಳು ಅದನ್ನು ಹಿಡಿದುಕೊಂಡು ಬಾಗಿಲಲ್ಲಿ ನಿಂತದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. "ಅಮ್ಮ, ಹುಳಿಗೆ ಸೋಪು ಹಾಕ್ತೀಯಾ?" ಪಕ್ಕಕ್ಕೆ ಕೂರಿಸಿಕೊಂಡು "ಪ-ಗೆ ಪ ಒತ್ತು" ಎಂದು ಎಷ್ಟು ಸಲ ಹೇಳಿದ್ದೆನೋ, ತಲೆಗೆ ಹೋಗಿರಲಿಲ್ಲ. ಆ ಒಂದು ಸೋಪು ಹೇಳಿಕೊಟ್ಟಿತು. ಆಮೇಲೆ ಎಲ್ಲ ಪದವನ್ನೂ ಬಾಯಲ್ಲಿ ಅಂದುಕೊಂಡು, ನಾಲಿಗೆ ಎಲ್ಲಿ ಒತ್ತುತ್ತದೆ ಎಂದು ನೋಡಿಕೊಂಡು ಬರೆಯತೊಡಗಿದಳು.

ಒಂದು ಮಾತು. ಚೀಟಿಯನ್ನು ನಿಮ್ಮ ಮನೆ ಮಾತಿನಲ್ಲೇ ಬರೆಸಿ. ಧಾರವಾಡದ ಮನೆಯ ಮಗು "ಬ್ಯಾಳಿ" ಎಂದು ಬರೆದರೆ ಅದು ತಪ್ಪಲ್ಲ. ಪುಸ್ತಕದಲ್ಲಿ "ಬೇಳೆ" ಇರುತ್ತೆ ಎಂದು ಆಮೇಲೆ ತಿಳಿಯುತ್ತೆ, ಎರಡೂ ಇರಲಿ.

ಸೋಪು ಬಂತಲ್ಲ, ಅದನ್ನು ವ್ಯರ್ಥ ಮಾಡುವುದು ಬೇಡ.

ಅರಿಶಿನದ ಕಲೆ ಆದ ಬಿಳಿ ಬಟ್ಟೆಗೆ ಸೋಪು ಹಾಕಿದರೆ ಏನಾಗುತ್ತೆ? ಹ್ಞಾಂ, ಹಿಂದಿನ ಸಾಲಿನವರು ಹೇಳಿದರು. ಕೆಂಪಾಗುತ್ತೆ. ನಮಗೆಲ್ಲ ಗೊತ್ತು, ಬೈದುಕೊಂಡು ಇನ್ನೂ ಜೋರಾಗಿ ಉಜ್ಜುತ್ತೇವೆ. ಮಗುವಿಗೆ ಅದು ಮ್ಯಾಜಿಕ್. ಒಂದು ಚಮಚ ಅರಿಶಿನ ನೀರಿನಲ್ಲಿ ಕಲಸಿ, ಹಳೆಯ ಬನಿಯನ್ ಚೂರು ಅದ್ದಿ ಒಣಗಿಸಿ. ಈಗ ಮಗುವನ್ನು ಬಚ್ಚಲಿಗೂ ಅಡುಗೆಮನೆಗೂ ಬಿಡಿ. ಸೋಪಿನ ನೀರು ಒಂದು ಹನಿ: ಕೆಂಪು. ಅದರ ಮೇಲೆ ನಿಂಬೆರಸ: ಮತ್ತೆ ಹಳದಿ. ಅಡುಗೆ ಸೋಡ: ಕೊಂಚ ಕೆಂಪು. ಮಜ್ಜಿಗೆ: ಏನೂ ಇಲ್ಲ. ಶಾಂಪೂ? ಇಲ್ಲಿ ಮಕ್ಕಳು ಸೋಲುತ್ತಾರೆ. ಸೋಪಿನ ಥರವೇ ಕೆಂಪು ಅನ್ನುತ್ತಾರೆ. ಎಷ್ಟೋ ಶಾಂಪೂಗಳಿಗೆ ಬಣ್ಣ ಬದಲಾಗುವುದೇ ಇಲ್ಲ. ಯಾಕೆ? ಅವುಗಳಲ್ಲಿ ಸೋಪಿನಷ್ಟು ಕ್ಷಾರ ಇರುವುದಿಲ್ಲ. ಈ ಪದವನ್ನು ಮಗುವಿಗೆ ಇವತ್ತೇ ಹೇಳಬೇಕೆಂದಿಲ್ಲ. ಮುಂದೆ ಪಾಠದಲ್ಲಿ ಹುಳಿಗೂ ಕ್ಷಾರಕ್ಕೂ ಬಣ್ಣ ಬದಲಿಸುವ ಲಿಟ್ಮಸ್ ಕಾಗದ ಬಂದಾಗ, "ಇದು ನಮ್ಮನೆ ಬನಿಯನ್!" ಎಂದು ಅದಕ್ಕೇ ಹೊಳೆಯುತ್ತೆ.

ಆರತಿಗೆ ಕೆಂಪು ನೀರು ಮಾಡುತ್ತೇವಲ್ಲ, ಅರಿಶಿನದ ನೀರಿಗೆ ಚಿಟಿಕೆ ಸುಣ್ಣ, ಅದೂ ಇದೇ. ಅಜ್ಜಿ ಮಾಡುವಾಗ ಮಗುವನ್ನು ಪಕ್ಕದಲ್ಲಿ ನಿಲ್ಲಿಸಿ, ಸಾಕು. ಸುಣ್ಣವನ್ನು ಮಾತ್ರ ಮಗುವಿನ ಕೈಗೆ ಕೊಡಬೇಡಿ, ಕಣ್ಣಿಗೆ ಹೋದರೆ ಕಷ್ಟ.

ಮನೆಯಿಂದ ಹೊರಗೆ ಹೋದಾಗ? ಸಂಜೆ ಎಂಟಕ್ಕೆ ಮನೆ ಸೇರುತ್ತೇವೆ, ಇದಕ್ಕೆಲ್ಲ ಟೈಮ್ ಎಲ್ಲಿ ಎಂದು ಬರುವಾಗಲೇ ಒಬ್ಬರು ಕೇಳಿದರು. ನ್ಯಾಯವಾದ ಮಾತು. ಬೆಂಗಳೂರಿನಲ್ಲಿ ನಮಗೆ ಧಾರಾಳವಾಗಿ ಸಿಗುವುದು ಟ್ರಾಫಿಕ್ ಒಂದೇ, ಅದನ್ನೇ ಬಳಸಿ. ಮುಂದಿನ ಗಾಡಿಯ ನಂಬರ್ ಪ್ಲೇಟು ನೋಡಿ. ಕೆಎ 09 ಮೈಸೂರು. 12 ಮಡಿಕೇರಿ, 14 ಶಿವಮೊಗ್ಗ, 19 ಮಂಗಳೂರು, 20 ಉಡುಪಿ, 25 ಧಾರವಾಡ, 32 ಕಲಬುರಗಿ. ವಾರಕ್ಕೆ ಐದು ಊರು ಕಲಿತರೆ ಸಾಕು. 32 ಕಂಡ ದಿನ, "ಅಬ್ಬಾ, ಎಷ್ಟು ದೂರದಿಂದ ಬಂದಿದೆ" ಎಂದು ಮ್ಯಾಪಿನಲ್ಲಿ ತೋರಿಸಿ. ಚಿಕ್ಕವರಿಗೆ ಕೊನೆಯ ನಾಲ್ಕು ಅಂಕೆ ಕೂಡಿಸುವ ಆಟ. ನನ್ನ ಅಕ್ಕನ ಮೊಮ್ಮಗ ಒಂದು ದಿನ, "ಅಜ್ಜಿ, ತೆಲಂಗಾಣಕ್ಕೆ ಎರಡು ಥರ ಯಾಕಿದೆ, ಟಿಎಸ್ ಇದೆ, ಟಿಜಿ ಇದೆ" ಅಂದ. ನನಗೆ ಗೊತ್ತಿರಲಿಲ್ಲ. ಹುಡುಕಿದರೆ, 2024ರಲ್ಲಿ ಹೊಸ ಗಾಡಿಗಳಿಗೆ ಟಿಜಿ ಎಂದು ಬದಲಾಯಿಸಿದ್ದಾರೆ. ನನಗೆ ಗೊತ್ತಿಲ್ಲದ್ದು ತನಗೆ ಮೊದಲು ಕಂಡಿತು ಎಂಬ ಹೆಮ್ಮೆಯಲ್ಲಿ ಅವನು ಒಂದು ವಾರ ಎಲ್ಲ ಗಾಡಿಯನ್ನೂ ಓದಿದ.

ಗೊತ್ತಿಲ್ಲ ಎಂದು ಮಕ್ಕಳ ಮುಂದೆ ಒಪ್ಪಿಕೊಳ್ಳಲು ನಮ್ಮಲ್ಲಿ ಅಪ್ಪಂದಿರಿಗೆ ಸ್ವಲ್ಪ ಕಷ್ಟ. ನಗಬೇಡಿ, ನಮ್ಮನೆಯವರೂ ಹಾಗೇ.

ರಾತ್ರಿ ಊಟವಾದ ಮೇಲೆ ಇಪ್ಪತ್ತು ನಿಮಿಷ ಸಿಕ್ಕರೆ ಚೌಕಾಬಾರ ಆಡಿ. ಐದು ಅಡ್ಡ, ಐದು ಉದ್ದ, 25 ಮನೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೀಚಿದರಾಯಿತು. ಗೆರೆ ಸೊಟ್ಟಗಿದ್ದರೂ ಕಾಯಿ ನಡೆಯುತ್ತೆ, ಅದಕ್ಕೇ ನನಗೆ ಇಷ್ಟ. ಕವಡೆ ಇಲ್ಲದಿದ್ದರೆ ನಾಲ್ಕು ಹುಣಸೆಬೀಜವನ್ನು ಒಂದು ಪಕ್ಕ ಬಿಳಿ ಕಾಣುವ ತನಕ ಕಲ್ಲಿಗೆ ತೇಯ್ದುಕೊಳ್ಳಿ. ಒಂದು ಬಿಳಿ ಮೇಲೆ ಬಿದ್ದರೆ ಒಂದು, ಎರಡು ಬಿದ್ದರೆ ಎರಡು, ನಾಲ್ಕೂ ಬಿದ್ದರೆ ಚೌಕ, ಒಂದೂ ಬೀಳದಿದ್ದರೆ ಬಾರ, ಅಂದರೆ ಎಂಟು. ಎಣಿಸಿಕೊಂಡು ಕಾಯಿ ನಡೆಸುವುದು, ಯಾರನ್ನು ಕಡಿಯುವುದು ಎಂದು ಲೆಕ್ಕ ಹಾಕುವುದು, ಇದೆಲ್ಲ ತಾನಾಗಿ ಬರುತ್ತೆ.

ಇದರಲ್ಲಿ ಇನ್ನೂ ಒಳಗೆ ಒಂದು ಗಣಿತ ಇದೆ. ಒಂಬತ್ತು ಹತ್ತು ವರ್ಷದ ಮಕ್ಕಳಿಗೆ ಹಳೆಯ ಕ್ಯಾಲೆಂಡರಿನ ಹಿಂಬದಿ ಕೊಟ್ಟು, ಬಿದ್ದ ಗರವನ್ನೆಲ್ಲ ಗೀಟು ಹಾಕಿ ಬರೆಯಲು ಹೇಳಿ. ಎರಡಕ್ಕೆ ಗೀಟು ತುಂಬಿಹೋಗುತ್ತೆ, ಚೌಕಕ್ಕೂ ಬಾರಕ್ಕೂ ಒಂದೋ ಎರಡೋ. "ಎರಡು ಯಾಕೆ ಯಾವಾಗಲೂ ಬೀಳುತ್ತೆ?" ಎಂದು ಕೇಳಿಯೇ ಕೇಳುತ್ತವೆ. ಆಗ ಬೀಜಗಳನ್ನು ಕೈಯಲ್ಲಿ ಜೋಡಿಸಿ ತೋರಿಸಲಿ. ನಾಲ್ಕು ಬೀಜ ಬೀಳುವ ರೀತಿ ಒಟ್ಟು ಹದಿನಾರು. ಅದರಲ್ಲಿ ಎರಡು ಬರುವುದು ಆರು ರೀತಿ. ಒಂದಕ್ಕೆ ನಾಲ್ಕು, ಮೂರಕ್ಕೆ ನಾಲ್ಕು. ಚೌಕಕ್ಕೆ ಒಂದೇ, ಬಾರಕ್ಕೂ ಒಂದೇ. ಬೀಜ ನಾಣ್ಯದ ಹಾಗೆ ಸಮ ಅಲ್ಲ, ಆದ್ದರಿಂದ ನಿಮ್ಮ ಗೀಟುಗಳು ಆಚೀಚೆ ಆಗುತ್ತವೆ. ನಮ್ಮನೆಯಲ್ಲಿ ಒಂದು ಬೀಜ ಹತ್ತಕ್ಕೆ ಏಳು ಸಲ ಕಪ್ಪಾಗಿಯೇ ಬೀಳುತ್ತಿತ್ತು. ಅದನ್ನು ಪತ್ತೆ ಮಾಡಿದ ಮಗಳು ನಮಗೆ ಹೇಳದೆ ಎಷ್ಟೋ ದಿನ ಗೆದ್ದಳು.

ಈಗ ನಾವು ಕೆಡಿಸುವ ರೀತಿ ಹೇಳಿಬಿಡುತ್ತೇನೆ, ನಾನೂ ಕೆಡಿಸಿದ್ದೇನೆ. ಆಟದ ಮಧ್ಯೆ ಪರೀಕ್ಷೆ ತರುತ್ತೇವೆ. "ಎರಡು ಬಿತ್ತು, ಮೂರು ಬಿತ್ತು, ಒಟ್ಟು ಎಷ್ಟು? ಹೇಳು ಹೇಳು. ಪಕ್ಕದ ಮನೆ ಹುಡುಗ ಹೇಳ್ತಾನೆ." ಅಷ್ಟೇ, ಮಗು ಎದ್ದು ಹೋಗುತ್ತೆ. ಇನ್ನೊಂದು, ಫೋನ್ ತೆಗೆದು ವಿಡಿಯೋ ಮಾಡುವುದು. ಅರಿಶಿನ ಕೆಂಪಾಗುವ ಹೊತ್ತಿಗೆ ಮಗು ಬಟ್ಟೆ ನೋಡುವುದು ಬಿಟ್ಟು ಕ್ಯಾಮೆರಾ ನೋಡುತ್ತಿರುತ್ತೆ.

ಮನೆಯೆಲ್ಲ ಗಲೀಜಾಗುತ್ತಲ್ಲ ಎಂದು ಅಲ್ಲಿ ಕೂತ ಅಮ್ಮ ಕೇಳುತ್ತಿದ್ದಾರೆ. ಆಗುತ್ತೆ. ಹಳೆಯ ಬೆಡ್‌ಶೀಟ್ ಹಾಸಿಕೊಳ್ಳಿ. ಒರೆಸುವ ಬಟ್ಟೆ ಮಗುವಿನ ಕೈಗೇ ಕೊಡಿ, ಅರ್ಧ ಒರೆಸುತ್ತೆ, ಉಳಿದರ್ಧ ನೀವು.

ಕೊನೆಗೆ ಒಂದು, ಇದಕ್ಕೆ ಒರೆಸುವ ಕೆಲಸವೂ ಇಲ್ಲ. ಏಪ್ರಿಲ್ 24ಕ್ಕೆ ಇನ್ನು ಕೆಲವೇ ದಿನ ಇದೆ. ಆ ದಿನ ಮಧ್ಯಾಹ್ನ ಹನ್ನೆರಡೂಕಾಲರ ಹೊತ್ತಿಗೆ ಬೆಂಗಳೂರಿನಲ್ಲಿ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ವಸ್ತುವಿಗೆ ನೆರಳೇ ಇರುವುದಿಲ್ಲ. ನೆರಳಿಲ್ಲದ ದಿನ ಎಂದೇ ಹೆಸರು. ಇವತ್ತಿನಿಂದಲೇ ಶುರುಮಾಡಿ. ತಾರಸಿ ಮೇಲೆ ಒಂದೇ ಜಾಗದಲ್ಲಿ ಸ್ಟೀಲ್ ಲೋಟವನ್ನು ಬೋರಲು ಹಾಕಿ, ದಿನಾ ಅದೇ ಹೊತ್ತಿಗೆ ನೆರಳಿನ ತುದಿಗೆ ಸೀಮೆಸುಣ್ಣದ ಗುರುತು ಹಾಕಿಸಿ. ಗುರುತುಗಳು ಲೋಟದ ಹತ್ತಿರ ಹತ್ತಿರ ಬರುತ್ತವೆ. 24ರಂದು ಎಲ್ಲಿರುತ್ತೆ ಎಂದು ಅಂದಾಜು ಹೇಳಿಸಿ. ಹನ್ನೆರಡಕ್ಕೇ ಯಾಕಲ್ಲ, ಹದಿನೇಳು ಹದಿನೆಂಟು ನಿಮಿಷ ತಡ ಯಾಕೆ ಎಂದು ದೊಡ್ಡ ಮಕ್ಕಳು ಕೇಳಿದರೆ, ನಮ್ಮ ಗಡಿಯಾರ ಬೆಂಗಳೂರಿನದಲ್ಲ, ನಮಗಿಂತ ಪೂರ್ವದಲ್ಲಿರುವ 82.5 ಡಿಗ್ರಿ ರೇಖಾಂಶದ್ದು ಅನ್ನಿ. ಅಲ್ಲಿಂದ ಇಲ್ಲಿಗೆ ಬರಲು ಸೂರ್ಯನಿಗೆ ಸುಮಾರು ಅಷ್ಟು ಹೊತ್ತು ಬೇಕು.

ಕಾಲಿಗೆ ಚಪ್ಪಲಿ, ತಲೆಗೆ ಟೋಪಿ ಮರೆಯಬೇಡಿ, ತಾರಸಿ ಸುಡುತ್ತಿರುತ್ತೆ. ಮೋಡ ಮುಚ್ಚಿದರೆ ಬೇಜಾರು ಬೇಡ, ಆಗಸ್ಟ್ 18ರ ಸುಮಾರಿಗೆ ಸೂರ್ಯ ಇದೇ ದಾರಿಯಲ್ಲಿ ವಾಪಸ್ ಬರುತ್ತಾನೆ. ಆಗ ಮೋಡ ಇನ್ನೂ ಜಾಸ್ತಿ ಇರುತ್ತೆ ಅನ್ನೋದು ಬೇರೆ ಮಾತು. ಲೋಟ ಮಾತ್ರ ಅಲ್ಲೇ ಬಿಟ್ಟು ಬರಬೇಡಿ, ನಮ್ಮನೆಯದನ್ನು ಕೋತಿ ತೆಗೆದುಕೊಂಡು ಹೋಯಿತು.